ದುಭಾಷಿಯ ಮೇಲೊಂದು ಕಣ್ಣು: ಪೈಥಾನ್ ಓಆರ್‌ಎಂ ಬಳಕೆಯ ಸಾಮಾನ್ಯ ತೊಡಕುಗಳು

ಗ್ರಂಥಾಲಯದ ಉದ್ದನೆಯ ಮರದ ಸೆಳೆಖಾನೆಗಳಲ್ಲಿ ಅಕಾರಾದಿಯಾಗಿ ಜೋಡಿಸಿಟ್ಟ ರಟ್ಟಿನ ಕಾರ್ಡುಗಳು ಬಹುಕಾಲ ಕನ್ನಡ ಸಂಶೋಧಕರ ಮೊದಲ ಆಸರೆಯಾಗಿದ್ದವು. ಆ ಕಾರ್ಡುಗಳಲ್ಲಿನ ವಿವರಗಳು ಇಂದು ಗಣಕಯಂತ್ರದ ದತ್ತಸಂಚಯಗಳಿಗೆ, ಎಂದರೆ ಡೇಟಾಬೇಸುಗಳಿಗೆ, ಸ್ಥಳಾಂತರಗೊಳ್ಳುತ್ತಿವೆ. ಸಂಶೋಧನ ಪ್ರಬಂಧಕ್ಕಾಗಿ ಗ್ರಂಥಸೂಚಿ ಸಿದ್ಧಪಡಿಸುವ ವಿದ್ಯಾರ್ಥಿ, ಹೊರನಾಡಿನ ಲೇಖಕರ ಕೃತಿಗಳ ಪಟ್ಟಿಯನ್ನು ಸಂಗ್ರಹಿಸುವ ಅಧ್ಯಾಪಕ, ಕನ್ನಡ ಸಂಘದ ಗ್ರಂಥಾಲಯವನ್ನು ನೋಡಿಕೊಳ್ಳುವ ಕಾರ್ಯಕರ್ತ ಇವರೆಲ್ಲರೂ ಒಂದಲ್ಲ ಒಂದು ಹಂತದಲ್ಲಿ ಈ ಕೆಲಸಕ್ಕೆ ಕೈಹಾಕಬೇಕಾಗುತ್ತದೆ. ಕಲಿಯಲು ಸುಲಭವಾದ ಪೈಥಾನ್ ಭಾಷೆಯನ್ನೂ, ಅದರೊಡನೆ ಬರುವ 'ಓಆರ್‌ಎಂ' ಎಂಬ ಸಾಧನವನ್ನೂ ಅವರಲ್ಲಿ ಹಲವರು ಆರಿಸಿಕೊಳ್ಳುತ್ತಾರೆ.

ಈ ಸಾಧನ ಕೆಲಸವನ್ನು ಹಗುರಗೊಳಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಕೈಕೊಟ್ಟಾಗ ದೋಷ ಎಲ್ಲಿದೆ ಎಂಬುದು ಹೊಸಬರಿಗೆ ತಿಳಿಯುವುದಿಲ್ಲ. ತೊಡಕುಗಳಲ್ಲಿ ಕೆಲವು ಕೆಲಸವನ್ನು ನಿಧಾನಗೊಳಿಸುತ್ತವೆ, ಕೆಲವು ಕೆಲಸವನ್ನೇ ನಿಲ್ಲಿಸುತ್ತವೆ. ಮತ್ತೆ ಕೆಲವು ಯಾವ ಸೂಚನೆಯನ್ನೂ ಕೊಡದೆ ಮಾಹಿತಿಯನ್ನು ಕೆಡಿಸುತ್ತವೆ. ಮೂರನೆಯ ಬಗೆಯದೇ ಹೆಚ್ಚು ಅಪಾಯಕಾರಿ. ಕಾರ್ಡು ಕಳೆದುಹೋದರೆ ಖಾನೆಯಲ್ಲಿ ತೆರಪು ಕಾಣಿಸೀತು. ದತ್ತಸಂಚಯದಲ್ಲಿ ಅಳಿದುಹೋದ ಸಾಲು ಯಾವ ಗುರುತನ್ನೂ ಉಳಿಸುವುದಿಲ್ಲ. ಇಂತಹ ಸಾಮಾನ್ಯ ತೊಡಕುಗಳ ಸ್ವರೂಪ, ಕಾರಣ ಹಾಗೂ ಪರಿಹಾರಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಎರಡು ಲೋಕ, ಒಬ್ಬ ದುಭಾಷಿ

ಸಂಬಂಧಾತ್ಮಕ ದತ್ತಸಂಚಯದ ತಾತ್ತ್ವಿಕ ತಳಹದಿಯನ್ನು ಹಾಕಿದವನು ಐಬಿಎಂ ಸಂಸ್ಥೆಯಲ್ಲಿದ್ದ ಇ. ಎಫ್. ಕಾಡ್. 1970ರಲ್ಲಿ ಪ್ರಕಟವಾದ ಅವನ ಲೇಖನವು ಮಾಹಿತಿಯನ್ನು ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕಗಳಾಗಿ ಪರಿಭಾವಿಸಿತು. ಈ ಕೋಷ್ಟಕಗಳೊಡನೆ ವ್ಯವಹರಿಸಲು ಮುಂದೆ ರೂಪುಗೊಂಡ ಭಾಷೆಯೇ ಎಸ್‌ಕ್ಯೂಎಲ್. ಪೈಥಾನ್‌ನ ಲೋಕ ಬೇರೆ. ಗಿಡೋ ವಾನ್ ರಾಸಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಯಲ್ಲಿ ಮಾಹಿತಿಯು 'ವಸ್ತು'ಗಳ ರೂಪದಲ್ಲಿರುತ್ತದೆ. ಕೃತಿ ಎಂಬುದು ಒಂದು ವಸ್ತು, ಲೇಖಕ ಎಂಬುದು ಇನ್ನೊಂದು ವಸ್ತು. ಕೃತಿಯಿಂದ ಲೇಖಕನಿಗೆ ನೇರವಾಗಿ ದಾಟಬಹುದು. ಕೋಷ್ಟಕದಲ್ಲಿ ಅಂತಹ ದಾಟುವಿಕೆ ಇಲ್ಲ. ಅಲ್ಲಿರುವುದು ಲೇಖಕನ ಕ್ರಮಸಂಖ್ಯೆ ಮಾತ್ರ. ಆ ಸಂಖ್ಯೆಯನ್ನು ಹಿಡಿದು ಮತ್ತೊಂದು ಕೋಷ್ಟಕದಲ್ಲಿ ಹುಡುಕಬೇಕು.

ಈ ಎರಡು ಲೋಕಗಳ ನಡುವೆ ನಿಂತು ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ ದುಭಾಷಿಯೇ ಓಆರ್‌ಎಂ, ಎಂದರೆ ಆಬ್ಜೆಕ್ಟ್ ರಿಲೇಶನಲ್ ಮ್ಯಾಪರ್. ಪೈಥಾನ್ ಬಳಗದಲ್ಲಿ ಇಂತಹ ಎರಡು ಸಾಧನಗಳು ಪ್ರಸಿದ್ಧವಾಗಿವೆ. ಒಂದು, 2005ರಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದ ಜಾಂಗೋ ಎಂಬ ಜಾಲತಾಣ ನಿರ್ಮಾಣದ ಚೌಕಟ್ಟಿನೊಳಗೆ ಅಡಕವಾಗಿರುವುದು. ಇನ್ನೊಂದು, ಮೈಕ್ ಬೇಯರ್ ರೂಪಿಸಿದ, 2006ರಲ್ಲಿ ಮೊದಲು ಹೊರಬಂದ ಎಸ್‌ಕ್ಯೂಎಲ್‌ಆಲ್ಕೆಮಿ. ಮಾರ್ಟಿನ್ ಫೌಲರ್ 2002ರ ತನ್ನ ಗ್ರಂಥದಲ್ಲಿ ಮಾಡಿದ ವರ್ಗೀಕರಣವನ್ನು ಅನುಸರಿಸಿ ಹೇಳುವುದಾದರೆ, ಮೊದಲನೆಯದು 'ಆಕ್ಟಿವ್ ರೆಕಾರ್ಡ್' ಮಾರ್ಗದ್ದು: ಪ್ರತಿಯೊಂದು ವಸ್ತುವೂ ತನ್ನನ್ನು ತಾನೇ ಉಳಿಸಿಕೊಳ್ಳಬಲ್ಲದು. ಎರಡನೆಯದು 'ಡೇಟಾ ಮ್ಯಾಪರ್' ಮಾರ್ಗದ್ದು: ವಸ್ತುಗಳನ್ನು ಉಳಿಸುವ ಹೊಣೆ 'ಸೆಶನ್' ಎಂಬ ಪ್ರತ್ಯೇಕ ಮಧ್ಯವರ್ತಿಯದು. ಮುಂದೆ ಬರುವ ತೊಡಕುಗಳಲ್ಲಿ ಹಲವಕ್ಕೆ ಈ ಭೇದವೇ ಮೂಲ.

ಎರಡು ಭಾಷೆಗಳ ನಡುವೆ ಬದುಕುವ ಹೊರನಾಡ ಕನ್ನಡಿಗರಿಗೆ ದುಭಾಷಿಯ ಗುಣದೋಷಗಳು ಅಪರಿಚಿತವಲ್ಲ. ಒಳ್ಳೆಯ ದುಭಾಷಿ ಎದುರಿಗಿದ್ದರೆ ಆ ಕಡೆ ಬೇರೊಂದು ಭಾಷೆಯಿದೆ ಎಂಬುದೇ ಮರೆತುಹೋಗುತ್ತದೆ. ಓಆರ್‌ಎಂನ ಅನುಕೂಲ ಇರುವುದು ಈ ಮರೆವಿನಲ್ಲಿ. ಅದರ ತೊಡಕುಗಳು ಹುಟ್ಟುವುದೂ ಇದೇ ಮರೆವಿನಿಂದ.

2. ಮೊದಲ ಪರೀಕ್ಷೆ: ಮೂಲವನ್ನು ಓದುವುದು

ಗ್ರಂಥಸಂಪಾದಕನು ಪಾಠದಲ್ಲಿ ಸಂಶಯ ಬಂದಾಗ ಮುದ್ರಿತ ಪ್ರತಿಯನ್ನು ಬದಿಗಿಟ್ಟು ಓಲೆಗರಿಯನ್ನು ನೋಡುತ್ತಾನೆ. ಓಆರ್‌ಎಂನ ವಿಷಯದಲ್ಲಿಯೂ ಇದೇ ಕ್ರಮ ಸರಿ. ಪೈಥಾನ್‌ನಲ್ಲಿ ಬರೆದ ಸಾಲು ಎಷ್ಟೇ ಸರಿಯಾಗಿ ಕಂಡರೂ ದತ್ತಸಂಚಯಕ್ಕೆ ತಲುಪಿದ್ದು ಅದರ ಎಸ್‌ಕ್ಯೂಎಲ್ ರೂಪ. ಆ ರೂಪವನ್ನು ಕಣ್ಣಾರೆ ಕಾಣುವುದೇ ಎಲ್ಲ ಪರಿಹಾರಗಳಿಗೂ ಮೊದಲ ಮೆಟ್ಟಿಲು.

ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಇಂಜಿನ್ ರಚಿಸುವಾಗ 'ಎಕೋ' ಎಂಬ ಆಯ್ಕೆಯನ್ನು ಸತ್ಯವೆಂದು ಸೂಚಿಸಿದರೆ, ಕಳುಹಿಸಲಾದ ಪ್ರತಿಯೊಂದು ಎಸ್‌ಕ್ಯೂಎಲ್ ವಾಕ್ಯವೂ ಪರದೆಯ ಮೇಲೆ ಮೂಡುತ್ತದೆ. ಜಾಂಗೋದಲ್ಲಿ ಕ್ವೆರಿಸೆಟ್‌ನ 'ಕ್ವೆರಿ' ಗುಣವನ್ನು ಮುದ್ರಿಸಿ ನೋಡಬಹುದು. 'ಡೀಬಗ್' ಸ್ಥಿತಿಯಲ್ಲಿ ಅದುವರೆಗೆ ನಡೆದ ವಾಕ್ಯಗಳ ಪಟ್ಟಿಯೂ ಸಂಪರ್ಕದ ವಸ್ತುವಿನಲ್ಲಿ ದೊರೆಯುತ್ತದೆ. ಹೀಗೆ ನೋಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ವಾಕ್ಯಗಳು ಹೋದವು? ಯಾವ ಕ್ಷಣದಲ್ಲಿ ಹೋದವು? ಕೊನೆಯಲ್ಲಿ 'ಕಮಿಟ್' ಬಂದಿತೆ, 'ರೋಲ್‌ಬ್ಯಾಕ್' ಬಂದಿತೆ? ತೊಡಕುಗಳಲ್ಲಿ ಬಹುಪಾಲು ಈ ಮೂರು ಪ್ರಶ್ನೆಗಳಲ್ಲಿಯೇ ತಮ್ಮನ್ನು ತೋರಿಸಿಕೊಳ್ಳುತ್ತವೆ.

3. ಮಂದಗತಿ: 'ಎನ್ ಪ್ಲಸ್ ಒನ್' ದೋಷ

ಒಂದು ಗ್ರಂಥಸೂಚಿಯಲ್ಲಿ 300 ಲೇಖಕರ 1200 ಕೃತಿಗಳಿವೆ ಎಂದು ಭಾವಿಸಬಹುದು. 'ಶಿಕಾರಿ'ಯ ಮುಂದೆ ಯಶವಂತ ಚಿತ್ತಾಲ, 'ಬಂಡಾಯ'ದ ಮುಂದೆ ವ್ಯಾಸರಾಯ ಬಲ್ಲಾಳ ಎಂಬಂತೆ ಪ್ರತಿಯೊಂದು ಕೃತಿಯ ಮುಂದೆ ಅದರ ಲೇಖಕನ ಹೆಸರನ್ನು ಅಚ್ಚಿಸಬೇಕಾಗಿದೆ. ಎಲ್ಲ ಕೃತಿಗಳನ್ನು ತರುವುದು, ಒಂದೊಂದನ್ನೇ ಹಿಡಿದು ಲೇಖಕನ ಹೆಸರನ್ನು ಬರೆಯುವುದು, ಹೀಗೆ ಎರಡು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಐವತ್ತು ಕೃತಿಗಳಿದ್ದಾಗ ಚುರುಕಾಗಿದ್ದ ಪಟ್ಟಿ ಸಾವಿರ ದಾಟಿದ ಮೇಲೆ ತೆವಳತೊಡಗುತ್ತದೆ.

ಕಾರಣವು ಎಸ್‌ಕ್ಯೂಎಲ್ ನೋಡಿದ ಕೂಡಲೇ ತಿಳಿಯುತ್ತದೆ. ಕೃತಿಗಳನ್ನು ತರುವಾಗ ಓಆರ್‌ಎಂ ಲೇಖಕರನ್ನು ತರುವುದಿಲ್ಲ; ಕೇಳಿದಾಗ ತಂದರಾಯಿತು ಎಂದು ಬಿಟ್ಟಿರುತ್ತದೆ. ಇದನ್ನು 'ಲೇಜಿ ಲೋಡಿಂಗ್' ಎನ್ನುತ್ತಾರೆ. ಆದ್ದರಿಂದ ಕೃತಿಗಳಿಗಾಗಿ 1, ಆಮೇಲೆ ಪ್ರತಿಯೊಂದು ಕೃತಿಯ ಲೇಖಕನಿಗಾಗಿ ಒಂದೊಂದು, ಹೀಗೆ ಜಾಂಗೋದಲ್ಲಿ 1201 ವಾಕ್ಯಗಳು ಹೊರಡುತ್ತವೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಈ ಸಂಖ್ಯೆ 301ಕ್ಕೆ ಇಳಿಯುತ್ತದೆ. ಅದರ ಸೆಶನ್ ಒಮ್ಮೆ ತಂದ ಲೇಖಕನನ್ನು ನೆನಪಿನಲ್ಲಿರಿಸಿಕೊಂಡು, ಅದೇ ಕ್ರಮಸಂಖ್ಯೆ ಮತ್ತೆ ಬಂದಾಗ ದತ್ತಸಂಚಯಕ್ಕೆ ಹೋಗದೆ ಅದೇ ವಸ್ತುವನ್ನು ಕೊಡುವುದೇ ಇದಕ್ಕೆ ಕಾರಣ. 301 ಕೂಡ ಅನಾವಶ್ಯಕವೇ.

ಬೇಕಾದುದನ್ನು ಮೊದಲೇ ಹೇಳಿಬಿಡುವುದು ಪರಿಹಾರ. ಜಾಂಗೋದಲ್ಲಿ 'ಸೆಲೆಕ್ಟ್ ರಿಲೇಟೆಡ್' ಎಂಬುದನ್ನು ಸೇರಿಸಿದರೆ ಎರಡು ಕೋಷ್ಟಕಗಳನ್ನು ಬೆಸೆದು 1 ವಾಕ್ಯದಲ್ಲಿ ಎಲ್ಲವೂ ಬರುತ್ತದೆ. 'ಪ್ರೀಫೆಚ್ ರಿಲೇಟೆಡ್' ಬಳಸಿದರೆ 2 ವಾಕ್ಯಗಳು ಬೇಕಾಗುತ್ತವೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಇವುಗಳಿಗೆ ಸಂವಾದಿಯಾದವು ಕ್ರಮವಾಗಿ 'ಜಾಯಿನ್ಡ್ ಲೋಡ್' ಮತ್ತು 'ಸೆಲೆಕ್ಟ್ ಇನ್ ಲೋಡ್'. ಇವುಗಳಲ್ಲಿ ಆಯ್ಕೆಗೆ ಒಂದು ವಿವೇಕವಿದೆ. ಕೃತಿಯಿಂದ ಅದರ ಒಬ್ಬ ಲೇಖಕನಿಗೆ ಹೋಗುವಾಗ ಬೆಸೆಯುವ ಕ್ರಮ ಸೂಕ್ತ. ಒಬ್ಬ ಲೇಖಕನಿಂದ ಅವನ ಹಲವು ಕೃತಿಗಳಿಗೆ ಹೋಗುವಾಗ ಬೆಸೆದರೆ, ಲೇಖಕನ ವಿವರ ಕೃತಿಗೊಂದಾವರ್ತಿ ಪುನರುಕ್ತಿಯಾಗಿ ಬರುತ್ತದೆ. ಅಲ್ಲಿ ಎರಡು ವಾಕ್ಯಗಳ ಕ್ರಮವೇ ಮೇಲು. ಮರೆತು ಲೇಜಿ ಲೋಡಿಂಗ್‌ಗೆ ಜಾರುವ ಭಯವಿದ್ದವರು ಎಸ್‌ಕ್ಯೂಎಲ್‌ಆಲ್ಕೆಮಿಯ 'ರೈಸ್ ಲೋಡ್' ಆಯ್ಕೆಯನ್ನು ಬಳಸಬಹುದು. ಆಗ ಅಂತಹ ಪ್ರತಿಯೊಂದು ಜಾರುವಿಕೆಯೂ ದೋಷವಾಗಿ ಎದ್ದು ಕಾಣುತ್ತದೆ.

4. ಉಳಿಯದ ನಮೂದು, ಕಳಚಿಹೋದ ವಸ್ತು

ಸಂಜೆಯವರೆಗೆ ನೂರು ಕೃತಿಗಳ ವಿವರ ತುಂಬಿ, ಪಟ್ಟಿಯನ್ನು ತೆಗೆಸಿ ನೋಡಿ, ಎಲ್ಲವೂ ಇದೆಯೆಂದು ಖಚಿತಪಡಿಸಿಕೊಂಡು ಮನೆಗೆ ಹೋದವರಿಗೆ ಮರುದಿನ ಒಂದೂ ಕಾಣಿಸದಿರಬಹುದು. ಎಸ್‌ಕ್ಯೂಎಲ್‌ಆಲ್ಕೆಮಿಯ ಹೊಸ ಬಳಕೆದಾರರಲ್ಲಿ ಇದು ಸಾಮಾನ್ಯ. ಇಲ್ಲಿ ಮೂರು ಹಂತಗಳನ್ನು ಬೇರ್ಪಡಿಸಿ ತಿಳಿಯಬೇಕು. 'ಆಡ್' ಎಂಬುದು ವಸ್ತುವನ್ನು ಸೆಶನ್‌ನ ವಶಕ್ಕೆ ಕೊಡುತ್ತದೆ, ಅಷ್ಟೇ. 'ಫ್ಲಶ್' ಎಂಬುದು ಎಸ್‌ಕ್ಯೂಎಲ್ ವಾಕ್ಯವನ್ನು ದತ್ತಸಂಚಯಕ್ಕೆ ಕಳುಹಿಸುತ್ತದೆ, ಆದರೆ ವ್ಯವಹಾರವನ್ನು ಮುಗಿಸುವುದಿಲ್ಲ. 'ಕಮಿಟ್' ಎಂಬುದು ಮಾತ್ರ ಅದನ್ನು ಶಾಶ್ವತಗೊಳಿಸುತ್ತದೆ. ಪಟ್ಟಿಯನ್ನು ಕೇಳಿದಾಗ ಸೆಶನ್ ತಾನಾಗಿಯೇ ಫ್ಲಶ್ ಮಾಡುವುದರಿಂದ ಹೊಸ ನಮೂದುಗಳು ಅದೇ ಸೆಶನ್‌ನಲ್ಲಿ ಕಾಣಿಸುತ್ತವೆ. ಕಮಿಟ್ ಇಲ್ಲದೆ ಸೆಶನ್ ಮುಚ್ಚಿದರೆ ಎಲ್ಲವೂ ಹಿಂದೆ ಸರಿಯುತ್ತವೆ. ಕೆಲಸದ ಒಂದೊಂದು ಘಟಕವನ್ನೂ 'ಬಿಗಿನ್' ಎಂಬ ಆವರಣದೊಳಗೆ ಇಟ್ಟರೆ, ಆವರಣ ಸುಗಮವಾಗಿ ಮುಗಿದಾಗ ಕಮಿಟ್ ತಾನಾಗಿಯೇ ಆಗುತ್ತದೆ, ದೋಷ ಬಂದಾಗ ರೋಲ್‌ಬ್ಯಾಕ್ ಆಗುತ್ತದೆ. ಜಾಂಗೋದಲ್ಲಿ 'ಸೇವ್' ಎಂದ ಕೂಡಲೇ ಸಾಮಾನ್ಯವಾಗಿ ನಮೂದು ಶಾಶ್ವತವಾಗುವುದರಿಂದ ಈ ತೊಡಕು ವಿರಳ. ಹಲವು ನಮೂದುಗಳು ಒಟ್ಟಾಗಿಯೇ ಉಳಿಯಬೇಕಾದಲ್ಲಿ ಮಾತ್ರ 'ಅಟಾಮಿಕ್' ಎಂಬ ಆವರಣವನ್ನು ಬಳಕೆದಾರನೇ ಹಾಕಬೇಕು.

ತಾನಾಗಿ ಆಗುವ ಈ ಫ್ಲಶ್ ಇನ್ನೊಂದು ಗೊಂದಲಕ್ಕೂ ಎಡೆಕೊಡುತ್ತದೆ. ಮೊದಲ ಸಾಲಿನಲ್ಲಿ ಪ್ರಕಟಣೆಯ ವರ್ಷವಿಲ್ಲದ ಕೃತಿಯೊಂದನ್ನು ಸೇರಿಸಿದ್ದು, ಹತ್ತನೆಯ ಸಾಲಿನಲ್ಲಿ ಲೇಖಕನೊಬ್ಬನನ್ನು ಹುಡುಕಿದರೆ, ದೋಷದ ಸಂದೇಶ ಹತ್ತನೆಯ ಸಾಲಿನಲ್ಲಿ ಬರುತ್ತದೆ. ಹುಡುಕುವ ವಾಕ್ಯದಲ್ಲಿ ತಪ್ಪೇನೂ ಇರುವುದಿಲ್ಲ. ಸಂದೇಶದಲ್ಲಿ 'ಆಟೋಫ್ಲಶ್' ಎಂಬ ಪದ ಕಂಡರೆ ತಪ್ಪು ಹಿಂದಿನ ಸಾಲುಗಳಲ್ಲಿದೆ ಎಂದು ಅರಿತು ಅಲ್ಲಿ ಹುಡುಕಬೇಕು.

ಒಮ್ಮೆ ದೋಷ ಬಂದ ಮೇಲೆ ಮುಂದಿನ ಯಾವ ಕೆಲಸವೂ ನಡೆಯದಿರುವುದು ಮತ್ತೊಂದು ದೂರು. ಎಸ್‌ಕ್ಯೂಎಲ್‌ಆಲ್ಕೆಮಿ 'ಪೆಂಡಿಂಗ್ ರೋಲ್‌ಬ್ಯಾಕ್ ಎರರ್' ಎನ್ನುತ್ತದೆ. ಜಾಂಗೋ 'ಟ್ರಾನ್ಸಾಕ್ಷನ್ ಮ್ಯಾನೇಜ್‌ಮೆಂಟ್ ಎರರ್' ಎನ್ನುತ್ತದೆ. ಎರಡರ ತಾತ್ಪರ್ಯವೂ ಒಂದೇ: ಹಿಂದಿನ ವ್ಯವಹಾರ ಕೆಟ್ಟಿದೆ, ಅದನ್ನು ಮೊದಲು ತೀರಿಸಬೇಕು. ದೋಷವನ್ನು ಹಿಡಿದು ಸುಮ್ಮನೆ ನುಂಗಿ ಮುಂದುವರಿಯುವ ಪ್ರೋಗ್ರಾಮುಗಳಲ್ಲಿ ಇದು ತಪ್ಪದೆ ಬರುತ್ತದೆ. ಮೊದಲನೆಯದರಲ್ಲಿ ರೋಲ್‌ಬ್ಯಾಕ್ ಮಾಡಬೇಕು. ಎರಡನೆಯದರಲ್ಲಿ, ದೋಷ ಬರಬಹುದಾದ ನಮೂದನ್ನು ಒಳಗಿನ ಇನ್ನೊಂದು ಅಟಾಮಿಕ್ ಆವರಣದಲ್ಲಿಟ್ಟು, ದೋಷವನ್ನು ಆ ಆವರಣದ ಹೊರಗೆ ಹಿಡಿಯಬೇಕು. ಆಗ ಕೆಟ್ಟ ನಮೂದೊಂದೇ ಹಿಂದೆ ಸರಿಯುತ್ತದೆ, ಉಳಿದವು ನಿಲ್ಲುತ್ತವೆ.

ಸೆಶನ್ ಮುಚ್ಚಿದ ಮೇಲೆ ಕೃತಿಯ ಲೇಖಕನನ್ನು ಕೇಳಿದರೆ ಬರುವ 'ಡಿಟ್ಯಾಚ್ಡ್ ಇನ್‌ಸ್ಟನ್ಸ್ ಎರರ್' ಕೂಡ ಇದೇ ಗುಂಪಿಗೆ ಸೇರಿದ್ದು. ವಸ್ತು ಸೆಶನ್‌ನಿಂದ ಕಳಚಿಹೋಗಿದೆ, ತರಲು ಹೋಗುವ ದಾರಿಯೇ ಇಲ್ಲ. ಬೇಕಾದುದನ್ನು ಸೆಶನ್ ತೆರೆದಿರುವಾಗಲೇ ತಂದಿಟ್ಟುಕೊಳ್ಳುವುದು ಇದರ ನೇರ ಪರಿಹಾರ. ಕಮಿಟ್ ಆದ ಮೇಲೆ ವಸ್ತುವಿನ ಗುಣಗಳು ಹಳತಾದವೆಂದು ಸೆಶನ್ ಅವುಗಳನ್ನು ತೆರವು ಮಾಡುವುದರಿಂದ, ಶೀರ್ಷಿಕೆಯಂತಹ ಸರಳ ಗುಣಕ್ಕೂ ಈ ದೋಷ ಬರಬಹುದು. ಆಗ 'ಎಕ್ಸ್‌ಪೈರ್ ಆನ್ ಕಮಿಟ್' ಆಯ್ಕೆಯನ್ನು ನಿಲ್ಲಿಸಬಹುದು.

5. ಕನ್ನಡ ಪಠ್ಯದ ವಿಶಿಷ್ಟ ತೊಡಕುಗಳು

ಈವರೆಗಿನ ತೊಡಕುಗಳು ಯಾವ ಭಾಷೆಯ ಬಳಕೆದಾರರಿಗೂ ಸಮಾನವಾದವು. ಕನ್ನಡದ ಮಾಹಿತಿಯನ್ನು ತುಂಬುವವರಿಗೆ ಇವಲ್ಲದೆ ಬೇರೆ ಕೆಲವು ಎದುರಾಗುತ್ತವೆ.

ಅ) ಒಂದೇ ಹೆಸರು, ಎರಡು ಬರಹ. ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ಬಗೆಯಾಗಿ ಬರೆಯಲು ಸಾಧ್ಯ. 'ಗೋಕಾಕ' ಎಂಬ ಹೆಸರಿನ ಓಕಾರದ ಚಿಹ್ನೆಯು ಒಂದೇ ಸಂಕೇತವಾಗಿರಬಹುದು. ಇಲ್ಲವೆ ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳ ಸರಣಿಯಾಗಿರಬಹುದು. ಈ, ಏ, ಐ, ಒ ಸ್ವರಗಳ ಚಿಹ್ನೆಗಳೂ ಹೀಗೆಯೇ ಒಡೆಯಬಲ್ಲವು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿ ನೋಡುವ ದತ್ತಸಂಚಯಕ್ಕೆ ಸಾಮಾನ್ಯವಾಗಿ ಅವು ಬೇರೆ ಬೇರೆ ಹೆಸರುಗಳು. ಒಂದು ಹೆಸರು ಎರಡು ಸಲ ಬರಬಾರದೆಂದು 'ಯುನೀಕ್' ನಿಬಂಧನೆ ಹಾಕಿದ್ದರೂ ಎರಡನೆಯ ಗೋಕಾಕರು ನಿರಾತಂಕವಾಗಿ ಒಳಬರುತ್ತಾರೆ. ಅವರ ಕೃತಿಗಳು ಇಬ್ಬರ ನಡುವೆ ಹಂಚಿಹೋಗುತ್ತವೆ. ಹುಡುಕಿದವರಿಗೆ ಅರ್ಧ ಪಟ್ಟಿ ಮಾತ್ರ ದೊರೆಯುತ್ತದೆ. ಅದು ಅರ್ಧ ಎಂಬ ಸುಳಿವೂ ಅವರಿಗಿರುವುದಿಲ್ಲ.

ಪೈಥಾನ್‌ನ 'ಯೂನಿಕೋಡ್‌ಡೇಟಾ' ಘಟಕದಲ್ಲಿರುವ 'ನಾರ್ಮಲೈಜ್' ಕ್ರಿಯೆ, 'ಎನ್‌ಎಫ್‌ಸಿ' ಎಂಬ ರೂಪವನ್ನು ಸೂಚಿಸಿದಾಗ, ಒಡೆದ ಚಿಹ್ನೆಗಳನ್ನು ಒಂದಾಗಿ ಕೂಡಿಸುತ್ತದೆ. ಅದನ್ನು ಎಲ್ಲಿ ಅಳವಡಿಸಬೇಕು ಎಂಬುದು ಮುಖ್ಯ. ಜಾಂಗೋದ ಸೇವ್ ಕ್ರಿಯೆಯಲ್ಲಿ ಅಳವಡಿಸಿದರೆ ಸಾಲದು. ಸಾವಿರ ನಮೂದುಗಳನ್ನು ಒಟ್ಟಿಗೆ ಸೇರಿಸುವ 'ಬಲ್ಕ್ ಕ್ರಿಯೇಟ್' ಮತ್ತು ಒಟ್ಟಿಗೆ ತಿದ್ದುವ 'ಅಪ್‌ಡೇಟ್' ಕ್ರಿಯೆಗಳು ಸೇವ್‌ನ ಹಾದಿಯನ್ನು ತುಳಿಯುವುದೇ ಇಲ್ಲ. ಆದ್ದರಿಂದ ಅಂಕಣದ ಬಗೆಯಲ್ಲಿಯೇ ಅದನ್ನು ಅಳವಡಿಸುವುದು ಕ್ಷೇಮ. ಜಾಂಗೋದಲ್ಲಿ ಸ್ವಂತ ಫೀಲ್ಡ್ ರಚಿಸಿ ಅದರ 'ಗೆಟ್ ಪ್ರೆಪ್ ವ್ಯಾಲ್ಯೂ' ಕ್ರಿಯೆಯಲ್ಲಿಯೂ, ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ 'ಟೈಪ್ ಡೆಕೊರೇಟರ್' ಮೂಲಕವೂ ಇದನ್ನು ಸಾಧಿಸಬಹುದು. ಆಗ ಉಳಿಸುವ ಹೆಸರೂ ಹುಡುಕುವ ಹೆಸರೂ ಒಂದೇ ರೂಪಕ್ಕೆ ಬರುತ್ತವೆ.

ಹೆಸರಿನ ಕೊನೆಯಲ್ಲಿ ಉಳಿದುಬಿಡುವ ಶೂನ್ಯ ಅಗಲದ ಸಂಕೇತಗಳದೂ ಇಂತಹುದೇ ತೊಡಕು. ವ್ಯಂಜನಾಂತ ಪದಗಳನ್ನು ಬರೆಯುವಾಗ ಬರುವ ಈ ಕಾಣದ ಸಂಕೇತಗಳನ್ನು ನಾರ್ಮಲೈಜ್ ತೆಗೆಯುವುದಿಲ್ಲ. ಪೈಥಾನ್‌ನ 'ಸ್ಟ್ರಿಪ್' ಕೂಡ ಅವುಗಳನ್ನು ಖಾಲಿ ಜಾಗವೆಂದು ಎಣಿಸುವುದಿಲ್ಲ. ಪದದ ನಡುವೆ ಅವುಗಳಿಗೆ ಕೆಲಸವಿರುವುದರಿಂದ ಎಲ್ಲವನ್ನೂ ಅಳಿಸುವುದು ತಪ್ಪು. ಕೊನೆಯಲ್ಲಿ ಉಳಿದುದನ್ನು ಮಾತ್ರ ಹೆಸರಿಸಿ ತೆಗೆಯಬೇಕು.

ಆ) ಅಳತೆಯ ತೊಡಕು. 'ಕ್ಷೇತ್ರ' ಎಂಬ ಪದದಲ್ಲಿ ಓದುಗನಿಗೆ ಕಾಣುವುದು ಎರಡು ಅಕ್ಷರ. ಪೈಥಾನ್ ಅದನ್ನು ಏಳೆಂದು ಎಣಿಸುತ್ತದೆ: ನಾಲ್ಕು ವ್ಯಂಜನ ಕ, ಷ, ತ, ರ, ಎರಡು ವಿರಾಮಚಿಹ್ನೆ, ಒಂದು ಸ್ವರಚಿಹ್ನೆ. ಯುಟಿಎಫ್-8 ಕ್ರಮದಲ್ಲಿ ಅದು 21 ಬೈಟುಗಳಷ್ಟು ಜಾಗ ಹಿಡಿಯುತ್ತದೆ. ಶೀರ್ಷಿಕೆಯ ಅಂಕಣಕ್ಕೆ 50ರ ಮಿತಿಯನ್ನು ಹಾಕುವವರು ಅಕ್ಷರಗಳ ಲೆಕ್ಕ ಹಿಡಿದಿರುತ್ತಾರೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಸಂಕೇತಗಳ ಲೆಕ್ಕ ಹಿಡಿಯುತ್ತವೆ. ಮನೆಯ ಗಣಕದಲ್ಲಿ ಎಸ್‌ಕ್ಯೂಲೈಟ್ ಬಳಸಿ ಪರೀಕ್ಷಿಸಿದಾಗ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಎಸ್‌ಕ್ಯೂಲೈಟ್ ಈ ಮಿತಿಯನ್ನು ಜಾರಿಗೊಳಿಸುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಹೋದ ದಿನ ಉದ್ದನೆಯ ಶೀರ್ಷಿಕೆಗಳು ತಿರಸ್ಕೃತವಾಗುತ್ತವೆ. ಬಿಗಿಯಿಲ್ಲದ ಸ್ಥಿತಿಯಲ್ಲಿ ನಡೆಯುವ ಮೈಎಸ್‌ಕ್ಯೂಎಲ್ ಅವುಗಳನ್ನು ತುಂಡರಿಸಿ ಉಳಿಸುತ್ತದೆ. ಕನ್ನಡ ಶೀರ್ಷಿಕೆಗಳಿಗೆ ಉದಾರವಾದ ಮಿತಿಯನ್ನು ಇಡುವುದು, ಅಥವಾ ಮಿತಿಯಿಲ್ಲದ 'ಟೆಕ್ಸ್ಟ್' ಬಗೆಯನ್ನು ಆರಿಸುವುದು ಲೇಸು.

ಇ) ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹೆಸರಿನ ಜಾಗದಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ದತ್ತಸಂಚಯವೋ ಸಂಪರ್ಕವೋ ಕನ್ನಡವನ್ನು ಒಳಗೊಳ್ಳದ ಸಂಕೇತಕ್ರಮದಲ್ಲಿದೆ ಎಂದರ್ಥ. ಮೈಎಸ್‌ಕ್ಯೂಎಲ್‌ನ ಸಹಜ ಸಂಕೇತಕ್ರಮ ಬಹುಕಾಲ 'ಲ್ಯಾಟಿನ್-1' ಆಗಿತ್ತು, 2018ರ 8.0 ಆವೃತ್ತಿಯಿಂದ ಅದು 'ಯುಟಿಎಫ್8ಎಂಬಿ4' ಆಯಿತು. ಹಳೆಯ ಆವೃತ್ತಿಯಿಂದ ಮುಂದುವರಿದ ಕೋಷ್ಟಕಗಳಲ್ಲಿ ಈ ದೋಷ ಉಳಿದಿರಬಹುದು. ಒಮ್ಮೆ ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿದ ಅಕ್ಷರವನ್ನು ಮತ್ತೆ ಪಡೆಯಲಾಗದು. ನುಡಿ, ಬರಹ, ಶ್ರೀಲಿಪಿಯಂತಹ ತಂತ್ರಾಂಶಗಳ ಯೂನಿಕೋಡ್‌ಪೂರ್ವ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಪಟ್ಟಿಗಳ ಸ್ಥಿತಿ ಬೇರೆ. ಅವುಗಳಲ್ಲಿ ಉಳಿದಿರುವುದು ಲ್ಯಾಟಿನ್ ಸಂಕೇತಗಳು. ಕನ್ನಡವಾಗಿ ತೋರಿಸುವುದು ಅಕ್ಷರಶೈಲಿ ಮಾತ್ರ. ಇವುಗಳನ್ನು ಆಯಾ ಶೈಲಿಗೆ ತಕ್ಕ ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ಮೇಲೆಯೇ ದತ್ತಸಂಚಯಕ್ಕೆ ತುಂಬಬೇಕು.

ಈ) ಅಕಾರಾದಿಯ ಕ್ರಮಭಂಗ. ಸಂಕೇತಗಳ ಸಂಖ್ಯೆಯನ್ನೇ ಅನುಸರಿಸಿ ಜೋಡಿಸಿದರೆ ಯೂನಿಕೋಡ್‌ನಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಬರುತ್ತದೆ. ಹೀಗಾಗಿ 'ಕಳಸ'ವು 'ಕವಿ', 'ಕಸ', 'ಕಹಿ'ಗಳಿಗಿಂತ ಮುಂಚೆ ಕಾಣಿಸುತ್ತದೆ. ಕನ್ನಡ ವರ್ಣಮಾಲೆಯಲ್ಲಿ ಳಕಾರದ ಸ್ಥಾನ ಹಕಾರದ ನಂತರ. ಇದು ಓಆರ್‌ಎಂನ ತಪ್ಪಲ್ಲ. ದತ್ತಸಂಚಯವು ಯಾವ ಅನುಕ್ರಮ ನಿಯಮವನ್ನು, ಎಂದರೆ ಕೊಲೇಶನ್ನನ್ನು, ಬಳಸುತ್ತಿದೆ ಎಂಬುದರ ಫಲ. ಪೋಸ್ಟ್‌ಗ್ರೆಸ್‌ನಲ್ಲಿ 2017ರ 10ನೆಯ ಆವೃತ್ತಿಯಿಂದ 'ಐಸಿಯು' ಗ್ರಂಥಾಲಯದ ಅನುಕ್ರಮಗಳು ಲಭ್ಯವಾಗಿವೆ. ಎಸ್‌ಕ್ಯೂಎಲ್‌ಆಲ್ಕೆಮಿ ಮತ್ತು ಜಾಂಗೋ ಎರಡರಲ್ಲಿಯೂ ಬೇಕಾದ ಅನುಕ್ರಮವನ್ನು ಹೆಸರಿಸಿ ಕೇಳಬಹುದು. ಮೇಲಿನ ನಾಲ್ಕು ಪದಗಳ ಒಂದು ಪುಟ್ಟ ಪಟ್ಟಿಯಿಂದಲೇ ಪರೀಕ್ಷೆ ಮಾಡಿ ನೋಡಿದರೆ ಆಯ್ಕೆ ಸರಿಯೋ ತಪ್ಪೋ ತಿಳಿಯುತ್ತದೆ.

6. ಅಳಿಸುವಾಗಿನ ಅನಾಹುತ

ಮೇಲೆ ಹೇಳಿದ ಇಬ್ಬರು ಗೋಕಾಕರ ಪ್ರಸಂಗವನ್ನು ಇಲ್ಲಿ ಮುಂದುವರಿಸುವುದು ಅಗತ್ಯ. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಂಡ ಗ್ರಂಥಪಾಲಕನಿಗೆ ಮೊದಲು ತೋಚುವುದು ಒಂದನ್ನು ಅಳಿಸಿಬಿಡುವುದು. ಕೃತಿಯ ಕೋಷ್ಟಕವು ಲೇಖಕನ ಕ್ರಮಸಂಖ್ಯೆಯನ್ನು ಅವಲಂಬಿಸಿದೆ. ಜಾಂಗೋದಲ್ಲಿ ಆ ಅವಲಂಬನೆಯನ್ನು 'ಕ್ಯಾಸ್ಕೇಡ್' ಎಂದು ಬರೆದಿದ್ದರೆ ಲೇಖಕನೊಂದಿಗೆ ಅವನ ಕ್ರಮಸಂಖ್ಯೆಯುಳ್ಳ ಕೃತಿಗಳೆಲ್ಲವೂ ಅಳಿಯುತ್ತವೆ. 2017ರ ಕೊನೆಯಲ್ಲಿ ಬಂದ 2.0 ಆವೃತ್ತಿಗೆ ಮೊದಲು, ಏನನ್ನೂ ಬರೆಯದಿದ್ದರೂ ಕ್ಯಾಸ್ಕೇಡ್ ಎಂದೇ ಗ್ರಹಿಸಲಾಗುತ್ತಿತ್ತು. ಆ ಆವೃತ್ತಿಯಿಂದ ಈಚೆಗೆ ಬಳಕೆದಾರನು ತನ್ನ ಇಚ್ಛೆಯನ್ನು ಬರೆಯುವುದು ಕಡ್ಡಾಯ. ಅನೇಕರು ಯೋಚಿಸದೆ ಕ್ಯಾಸ್ಕೇಡ್ ಎಂದೇ ಬರೆಯುತ್ತಾರೆ. ಎಸ್‌ಕ್ಯೂಎಲ್‌ಆಲ್ಕೆಮಿಯ ಸಹಜ ನಡವಳಿಕೆ ಬೇರೆ. ಲೇಖಕನಿಂದ ಕೃತಿಗಳಿಗೆ ಸಂಬಂಧವನ್ನು ಬರೆದಿದ್ದಲ್ಲಿ ಅದು ಕೃತಿಗಳನ್ನು ಉಳಿಸಿ ಅವುಗಳ ಲೇಖಕ ಸಂಖ್ಯೆಯನ್ನು ಬರಿದುಮಾಡುತ್ತದೆ. ಅಲ್ಲಿ ಕೃತಿಗಳು ಉಳಿದರೂ ಅನಾಥವಾಗುತ್ತವೆ.

ಗ್ರಂಥಸೂಚಿಯಂತಹ ಸಂಗ್ರಹಗಳಲ್ಲಿ 'ಪ್ರೊಟೆಕ್ಟ್' ಎಂಬ ಆಯ್ಕೆ ಉಚಿತ. ಕೃತಿಗಳಿರುವ ಲೇಖಕನನ್ನು ಅಳಿಸಲು ಹೋದರೆ ಅದು ದೋಷವನ್ನು ಎತ್ತಿ ತಡೆಯುತ್ತದೆ. ನಿಜವಾಗಿಯೂ ಇಬ್ಬರನ್ನು ಒಂದಾಗಿಸಬೇಕಾದಾಗ ಒಂದೇ ವ್ಯವಹಾರದೊಳಗೆ ಮೂರು ಕೆಲಸಗಳನ್ನು ಕ್ರಮವಾಗಿ ಮಾಡಬೇಕು: ತಪ್ಪು ನಮೂದಿನ ಕೃತಿಗಳನ್ನು ಎಣಿಸಬೇಕು, ಅವುಗಳ ಲೇಖಕ ಸಂಖ್ಯೆಯನ್ನು ಸರಿಯಾದ ನಮೂದಿಗೆ ಬದಲಿಸಿ, ಬದಲಾದವುಗಳ ಸಂಖ್ಯೆ ತಾಳೆಯಾಗುತ್ತದೆಯೇ ಎಂದು ನೋಡಬೇಕು, ಬರಿದಾದ ನಮೂದನ್ನು ಕೊನೆಗೆ ಅಳಿಸಬೇಕು. ಜಾಂಗೋದ ಅಳಿಸುವ ಕ್ರಿಯೆಯು ಒಟ್ಟು ಎಷ್ಟು ನಮೂದುಗಳು ಅಳಿದವು ಎಂಬ ಸಂಖ್ಯೆಯನ್ನು ಮರಳಿಸುತ್ತದೆ. ಒಂದಕ್ಕಿಂತ ಹೆಚ್ಚು ಬಂದರೆ ಅಲ್ಲಿಯೇ ಹಿಂದೆ ಸರಿಯಬೇಕು. ಎಸ್‌ಕ್ಯೂಲೈಟ್ ಬಳಸುವವರು ಇನ್ನೊಂದನ್ನು ನೆನಪಿಡಬೇಕು. ಪರಕೋಷ್ಟಕದ ಸಂಬಂಧಗಳನ್ನು ಅದು ತಾನಾಗಿ ಕಾಯುವುದಿಲ್ಲ. ಪ್ರತಿಯೊಂದು ಸಂಪರ್ಕದಲ್ಲಿಯೂ ಆ ಕಾವಲನ್ನು ಚಾಲನೆಗೊಳಿಸಬೇಕು. ಜಾಂಗೋ ಇದನ್ನು ತಾನೇ ಮಾಡುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಬಳಕೆದಾರನು ಮಾಡಬೇಕು.

7. ರಚನೆಯ ಬದಲಾವಣೆ

ಕೃತಿಯ ವರ್ಗಕ್ಕೆ 'ಅನುವಾದಕ' ಎಂಬ ಹೊಸ ಗುಣವನ್ನು ಸೇರಿಸಿದ ಕೂಡಲೇ ಅಂತಹ ಅಂಕಣವೇ ಇಲ್ಲವೆಂಬ ದೋಷ ಬಂದರೆ ಆಶ್ಚರ್ಯವಿಲ್ಲ. ಪೈಥಾನ್‌ನ ವರ್ಗ ಬದಲಾಯಿತು, ಕೋಷ್ಟಕ ಬದಲಾಗಲಿಲ್ಲ. ಎಸ್‌ಕ್ಯೂಎಲ್‌ಆಲ್ಕೆಮಿಯ 'ಕ್ರಿಯೇಟ್ ಆಲ್' ಇಲ್ಲದ ಕೋಷ್ಟಕಗಳನ್ನು ರಚಿಸುತ್ತದೆಯೇ ಹೊರತು ಇರುವುದನ್ನು ತಿದ್ದುವುದಿಲ್ಲ. ತಿದ್ದುವ ಕೆಲಸಕ್ಕೆ 'ಅಲೆಂಬಿಕ್' ಎಂಬ ಪ್ರತ್ಯೇಕ ಸಾಧನವಿದೆ. ಜಾಂಗೋದಲ್ಲಿ 'ಮೇಕ್ ಮೈಗ್ರೇಶನ್ಸ್' ಮತ್ತು 'ಮೈಗ್ರೇಟ್' ಎಂಬ ಎರಡು ಆಜ್ಞೆಗಳಿವೆ.

ಇಲ್ಲಿ ಒಂದು ಅಪಾಯ ಗಮನಾರ್ಹ. 'ಲೇಖಕ' ಎಂಬ ಅಂಕಣದ ಹೆಸರನ್ನು 'ಗ್ರಂಥಕರ್ತ' ಎಂದು ಬದಲಿಸಿದರೆ, ಅಲೆಂಬಿಕ್ ತಾನಾಗಿ ಸಿದ್ಧಪಡಿಸುವ ಕಡತವು ಅದನ್ನು ಮರುನಾಮಕರಣವೆಂದು ಗುರುತಿಸುವುದಿಲ್ಲ. ಹಳೆಯ ಅಂಕಣವನ್ನು ತೆಗೆಯುವುದು, ಹೊಸದನ್ನು ಸೇರಿಸುವುದು ಎಂದು ಬರೆಯುತ್ತದೆ. ಓದದೆ ಜಾರಿಗೊಳಿಸಿದರೆ ಆ ಅಂಕಣದ ಮಾಹಿತಿಯಷ್ಟೂ ಹೋಗುತ್ತದೆ. ಜಾಂಗೋ ಇಂತಹ ಸಂದರ್ಭದಲ್ಲಿ ಬಳಕೆದಾರನನ್ನು ಪ್ರಶ್ನಿಸುತ್ತದೆ; ಉತ್ತರವನ್ನು ಅವಸರದಲ್ಲಿ ಕೊಡಬಾರದು. ಕರಡನ್ನು ಓದಿ ತಿದ್ದಿ, ದತ್ತಸಂಚಯದ ಪ್ರತಿಯೊಂದನ್ನು ತೆಗೆದಿಟ್ಟುಕೊಂಡ ಮೇಲೆಯೇ ಜಾರಿಗೊಳಿಸಬೇಕು.

8. ಸಂಪರ್ಕದ ತೊಡಕುಗಳು

ಸಂಪರ್ಕಕ್ಕೆ ಸಂಬಂಧಿಸಿದ ದೋಷಗಳು ಸಂಖ್ಯೆಯಲ್ಲಿ ಹಲವಾದರೂ ಪರಿಹಾರ ಸರಳ. ಎಸ್‌ಕ್ಯೂಎಲ್‌ಆಲ್ಕೆಮಿ ಸಹಜವಾಗಿ 5 ಸಂಪರ್ಕಗಳನ್ನು ಇಟ್ಟುಕೊಂಡು, ಅಗತ್ಯಬಿದ್ದಾಗ ಇನ್ನೂ 10ನ್ನು ತೆರೆಯುತ್ತದೆ. ಅವೆಲ್ಲ ಮುಗಿದು 30 ಸೆಕೆಂಡುಗಳಲ್ಲಿ ಯಾವುದೂ ತೆರವಾಗದಿದ್ದರೆ ದೋಷ ಬರುತ್ತದೆ. ಮಿತಿಯನ್ನು ಹೆಚ್ಚಿಸುವ ಮೊದಲು, ಮುಚ್ಚದೆ ಬಿಟ್ಟ ಸೆಶನ್‌ಗಳಿವೆಯೇ ಎಂದು ನೋಡಬೇಕು. ಮೈಎಸ್‌ಕ್ಯೂಎಲ್ ಸಹಜ ಸ್ಥಿತಿಯಲ್ಲಿ 8 ಗಂಟೆಗಳ ಕಾಲ ಸುಮ್ಮನಿದ್ದ ಸಂಪರ್ಕವನ್ನು ಕಡಿದುಹಾಕುತ್ತದೆ. ರಾತ್ರಿಯೆಲ್ಲ ಬಳಕೆಯಿಲ್ಲದ ಗ್ರಂಥಾಲಯದ ತಾಣದಲ್ಲಿ ಬೆಳಗಿನ ಮೊದಲ ಓದುಗನಿಗೆ ದೋಷ ಕಾಣುವುದು ಇದರಿಂದ. 'ಪೂಲ್ ಪ್ರೀ ಪಿಂಗ್' ಆಯ್ಕೆಯು ಸಂಪರ್ಕ ಜೀವಂತವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಓಆರ್‌ಎಂನ ತೊಡಕುಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ. ವಸ್ತುವಿನ ಭಾಷೆಯಲ್ಲಿ ಆಡಿದ ಮಾತು ಕೋಷ್ಟಕದ ಭಾಷೆಯಲ್ಲಿ ಏನಾಯಿತು ಎಂಬುದನ್ನು ಬಳಕೆದಾರನು ನೋಡಿರುವುದಿಲ್ಲ. ಒಂದು ಹೆಸರೆಂದು ಬರೆದದ್ದು ಅಲ್ಲಿ ಎರಡು ಹೆಸರಾಗಿರುತ್ತದೆ. ಒಂದನ್ನು ಅಳಿಸಿದ್ದು ಅಲ್ಲಿ ನಲವತ್ತನ್ನು ಅಳಿಸಿರುತ್ತದೆ. ಇದಕ್ಕಾಗಿ ಸಾಧನವನ್ನು ತೊರೆಯಬೇಕಾಗಿಲ್ಲ. ಕೆಳಗಿನ ಭಾಷೆಯನ್ನೂ ಇಷ್ಟಿಷ್ಟು ಓದಬಲ್ಲವರಾದರೆ ಸಾಕು.

ಹೊರನಾಡಿನಲ್ಲಿ ಪ್ರಕಟವಾದ ಕನ್ನಡ ಕೃತಿಗಳಲ್ಲಿ ಎಷ್ಟೋ ಮರುಮುದ್ರಣ ಕಂಡಿಲ್ಲ. ಹಲವು ಸಂಘಗಳ ಕಪಾಟುಗಳಲ್ಲಿ ಒಂದೊಂದು ಪ್ರತಿಯಾಗಿ ಉಳಿದಿವೆ. ಅಂತಹ ಕೃತಿಯೊಂದು ಎಲ್ಲಿದೆ ಎಂಬುದನ್ನು ನಾಳಿನ ಸಂಶೋಧಕನಿಗೆ ತಿಳಿಸುವುದು ಸೂಚಿಯ ಒಂದು ಸಾಲು. ಆ ಸಾಲು ಅಳಿದರೆ ಕೃತಿ ಕಪಾಟಿನಲ್ಲಿದ್ದೂ ಇಲ್ಲದಂತಾಗುತ್ತದೆ. ತಾಂತ್ರಿಕವೆಂದು ತೋರುವ ಈ ಎಚ್ಚರಗಳು ಆದ್ದರಿಂದ ಗ್ರಂಥಪಾಲನೆಯ ಹಾಗೂ ಸಂಶೋಧನೆಯ ಎಚ್ಚರಗಳೇ ಆಗಿವೆ.